ಹೆಗ್ಗಣ ಕೇಳಿದ ಪ್ರೋಗ್ರಾಂ

ಹೊಳೆದಂಡೆಯ ಬಿಲದಲ್ಲಿ ಮರಿಗಳೊಡನೆ ವಾಸವಾಗಿದ್ದ ಹೆಗ್ಗಣವೊಂದು ಕಂಪ್ಯೂಟರ್ ವಿದ್ಯೆ ಬಲ್ಲ ಗೀಜಗ ಮತ್ತು ಕೋತಿಯ ಬಳಿಗೆ ಬಂದು, "ಸ್ವಾಮಿ, ಹೊಳೆ ಏರಿದರೆ ನಮ್ಮನ್ನು ಎಚ್ಚರಿಸುವ ಒಂದು ಪ್ರೋಗ್ರಾಂ ಬರೆದುಕೊಡಿ. ಮಳೆಗಾಲಕ್ಕೆ ಇನ್ನು ಒಂದೇ ತಿಂಗಳಿದೆ" ಎಂದು ಬೇಡಿಕೊಂಡಿತು.

"ಆಗಲಿ. ಆದರೆ ನನ್ನ ಕಂಪ್ಯೂಟರ್ ಭಾಷೆಯಲ್ಲೇ ಬರೆಯಬೇಕು" ಎಂದಿತು ಗೀಜಗ. "ಪ್ರತಿ ಸಾಲನ್ನೂ ಮೊದಲೇ ತಪಾಸಣೆ ಮಾಡದೆ ಅದು ಒಂದು ಹೆಜ್ಜೆಯೂ ಮುಂದಿಡುವುದಿಲ್ಲ."

"ಆ ತಪಾಸಣೆ ಮುಗಿಯುವುದರೊಳಗೆ ಹೊಳೆಯೇ ಬತ್ತಿರುತ್ತದೆ" ಎಂದಿತು ಕೋತಿ. "ನನ್ನ ಭಾಷೆಯಲ್ಲಿ ನಾಲ್ಕು ಸಾಲು ಸಾಕು. ತಪ್ಪಿದ್ದರೆ ಪ್ರೋಗ್ರಾಂ ಓಡಿಸಿದಾಗ ಗೊತ್ತಾಗುತ್ತದೆ."

"ಯಾರಿಗೆ ಗೊತ್ತಾಗುತ್ತದೆ, ಮುಳುಗಿದವರಿಗೋ?" ಎಂದು ಗೀಜಗ ಕೇಳಿತು.

ತೀರ್ಮಾನಕ್ಕೆಂದು ಎರಡು ಭಾಷೆಗಳ ನಡುವೆ ಒಂದರಿಂದ ಕೋಟಿಯವರೆಗೆ ಎಣಿಸುವ ಸ್ಪರ್ಧೆ ನಡೆಯಿತು. ಗೀಜಗದ ಭಾಷೆ ಬೇಗ ಎಣಿಸಿ ಮುಗಿಸಿತು. ಗೀಜಗ ಆ ಎಣಿಕೆಯ ಪ್ರೋಗ್ರಾಂ ಬರೆಯುವಷ್ಟರಲ್ಲಿ ತಾನು ಒಂದು ಇಡೀ ಹಲಸಿನಹಣ್ಣು ತಿಂದು ಮುಗಿಸಿದ್ದೆನೆಂದು ಕೋತಿ ಸೋಲೊಪ್ಪಲಿಲ್ಲ. ಸ್ಪರ್ಧೆ ಮತ್ತೆ ಮೊದಲಿನಿಂದ ಶುರುವಾಯಿತು.

ತಿಂಗಳು ಕಳೆದ ಮೇಲೆ ಹೆಗ್ಗಣ ಮರಿಗಳನ್ನು ಕಟ್ಟಿಕೊಂಡು, ಮೈಯೆಲ್ಲ ಒದ್ದೆಯಾಗಿ ಬಂತು. "ಇನ್ನು ಪ್ರೋಗ್ರಾಂ ಬೇಡ ಸ್ವಾಮಿ. ಇವತ್ತು ಹೊಳೆ ಬಿಲಕ್ಕೇ ನುಗ್ಗಿತು. ಕಪ್ಪೆ ಕೂಗಿ ಎಚ್ಚರಿಸಿದ್ದರಿಂದ ಬದುಕಿಕೊಂಡೆವು."

"ಕಪ್ಪೆ ಯಾವ ಭಾಷೆಯಲ್ಲಿ ಬರೆದಿತ್ತು?" ಎಂದು ಎರಡೂ ಒಟ್ಟಿಗೆ ಕೇಳಿದವು.

"ಏನೂ ಬರೆದಿರಲಿಲ್ಲ. ನೀರಿನ ಪಕ್ಕ ಕೂತು ನೋಡುತ್ತಿತ್ತು."

ಗೀಜಗ ಕೋತಿಯ ಮುಖ ನೋಡಿತು, ಕೋತಿ ಗೀಜಗದ ಮುಖ ನೋಡಿತು. ಒಂದು ತಿಂಗಳಲ್ಲಿ ಮೊದಲ ಸಲ ಎರಡಕ್ಕೂ ಒಮ್ಮತ ಬಂತು.

"ಹಾಗಾದರೆ ಅದು ಸರಿಯಾದ ಪದ್ಧತಿಯಲ್ಲ" ಎಂದವು.