ಕವರು ಬಿಚ್ಚದ ಗೊಂಬೆ

ಎದೆಬಡಿತ ನಿಂತವರ ಎದೆಯನ್ನು ಒತ್ತಿ ಜೀವ ಉಳಿಸುವುದನ್ನು ಕಲಿಸಲೆಂದು ಬಸ್ ಡಿಪೋಗೆ ಒಂದು ರಬ್ಬರ್ ಗೊಂಬೆಯನ್ನೂ ಒಂದು ಟ್ಯಾಬನ್ನೂ ತರಿಸಿದ್ದರು. ಗೊಂಬೆ ಹಾಳಾದೀತೆಂದು ಮ್ಯಾನೇಜರ್ ಚಿದಂಬರಯ್ಯನವರು ಅದರ ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಆಯುಧಪೂಜೆಯ ದಿನ ಕವರಿನ ಮೇಲೆಯೇ ಕುಂಕುಮ ಹಚ್ಚುತ್ತಿದ್ದರು.

"ಪರೀಕ್ಷೆಯಲ್ಲಿ ನಲವತ್ತು ಕಂಡಕ್ಟರುಗಳಿಗೂ ನೂರಕ್ಕೆ ನೂರು!" ಎಂದಿತು ಟ್ಯಾಬ್.

"ಎದೆಯನ್ನು ಹೇಗೆ ಒತ್ತಿದರು?" ಗೊಂಬೆ ಚಡಪಡಿಸಿತು.

"ತೋರುಬೆರಳಿಂದ. ನನ್ನ ಪರದೆಯನ್ನು ಮುಟ್ಟಿದರೆ ಸಾಕು, ಹಸಿರು ದೀಪ ಹತ್ತುತ್ತದೆ."

"ಅಯ್ಯೋ, ಎರಡೂ ಕೈ ಊರಿ ಮೈಭಾರ ಬಿಟ್ಟು ಒತ್ತಬೇಕಯ್ಯಾ! ಅದಕ್ಕೆಂದೇ ನನ್ನೆದೆಯಲ್ಲಿ ಸ್ಪ್ರಿಂಗ್ ಇದೆ. ನನ್ನನ್ನು ಹೊರಗೆ ತೆಗೆಸು!"

"ತೆಗೆದರೆ ನೀನು ಹಾಳಾಗುತ್ತೀಯಂತೆ."

ಅಷ್ಟರಲ್ಲಿ ಒಳಗೆ ಬಂದ ಚಿದಂಬರಯ್ಯನವರು ಎದೆ ಹಿಡಿದುಕೊಂಡು ಕುಸಿದರು. ಉಸಿರು ನಿಂತಿತು. ಜೊತೆಯಲ್ಲಿದ್ದ ಕಂಡಕ್ಟರ್ ಮಾಳಿಂಗರಾಯ, "ಹೆದರಬೇಡಿ ಸಾರ್, ನನಗೆ ಬರುತ್ತೆ" ಎಂದು ಮೊಣಕಾಲೂರಿ, ಅವರ ಎದೆಯ ಮೇಲೆ ತೋರುಬೆರಳಿಟ್ಟು ಹಸಿರು ದೀಪಕ್ಕಾಗಿ ಕಾದ.

ಗೊಂಬೆ ಕಪಾಟಿನೊಳಗಿಂದ ಕೂಗುತ್ತಲೇ ಇತ್ತು. ಆ ಬೆರಳಿನ ಅಡಿಯಲ್ಲೇ, ಸಾಹೇಬರ ಅಂಗಿಯ ಜೇಬಿನಲ್ಲಿ, ಕಪಾಟಿನ ಬೀಗದಕೈ ಇತ್ತು.