ನೀರು ಹಿಡಿದಿಟ್ಟ ಮೂತ್ರಪಿಂಡ

ಗುರುಬಸಪ್ಪನ ಯಕೃತ್ತು ವರ್ಷಗಳ ಕುಡಿತದಿಂದ ಗಂಟುಗಟ್ಟಿ ಗಡುಸಾಗಿತ್ತು. ಅದನ್ನು ದಾಟಲಾರದ ರಕ್ತ ಕರುಳಿನ ಸುತ್ತಲೇ ನಿಂತಿತು, ಮೂತ್ರಪಿಂಡಕ್ಕೆ ಬರುವುದು ಕಡಿಮೆಯಾಯಿತು. ದೇಹಕ್ಕೆ ಬರ ಬಂದಿದೆಯೆಂದು ಬಗೆದ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಟ್ಟಿತು.

"ತಮ್ಮಾ, ತೂಬು ತೆಗೆ. ಹೊಟ್ಟೆ ಕೊಡಪಾನದಂತೆ ಉಬ್ಬಿದೆ," ಎಂದಿತು ಯಕೃತ್ತು.

"ಸುಮ್ಮನಿರಣ್ಣ. ನನ್ನ ಬಾಗಿಲಿಗೆ ಹನಿ ಬರುತ್ತಿಲ್ಲ, ನೀನು ಕೆರೆ ತುಂಬಿದೆ ಅನ್ನುತ್ತೀಯ!"

"ನೀನು ಉಳಿಸಿದ್ದೆಲ್ಲ ಸೋರಿ ಹೊಟ್ಟೆಯಲ್ಲೇ ನಿಂತಿದೆ. ದಾರಿ ಕಟ್ಟಿದವನು ನಾನು. ನಿನ್ನಲ್ಲಿ ಯಾವ ಊನವೂ ಇಲ್ಲ."

ಮೂತ್ರಪಿಂಡದ ದನಿ ತಗ್ಗಿತು. "ಮೊದಲು ನಾವಿಬ್ಬರೂ ಮಾತೇ ಇಲ್ಲದೆ ಕೆಲಸ ಸಾಗಿಸುತ್ತಿದ್ದೆವಲ್ಲ ಅಣ್ಣ, ಆ ದಿನ ಮತ್ತೆ ಬರುವುದು ಹೇಗೆ?"

"ನನ್ನ ಜಾಗಕ್ಕೆ ಬೇರೆಯವರು ಬಂದರೆ ಬರುತ್ತದೆ."

ಗುರುಬಸಪ್ಪನ ತಂಗಿ ತನ್ನ ಯಕೃತ್ತಿನ ಒಂದು ಭಾಗ ಕೊಟ್ಟಳು; ವೈದ್ಯರು ಹಳೆಯದನ್ನು ತೆಗೆದು ಅದನ್ನು ಕೂರಿಸಿದರು. ರಕ್ತ ಮತ್ತೆ ಹರಿಯಿತು, ಮೂತ್ರಪಿಂಡ ತೂಬು ತೆಗೆಯಿತು.

"ಇಷ್ಟು ಚೆನ್ನಾಗಿ ಕೆಲಸ ಬಲ್ಲವನು ಮುಷ್ಕರ ಏಕೆ ಹೂಡಿದ್ದೆಯಪ್ಪ?" ಎಂದು ಹೊಸ ಯಕೃತ್ತು ನಕ್ಕಿತು.

ಮೂತ್ರಪಿಂಡ ಇನ್ನಷ್ಟು ನೀರು ಹೊರಗೆ ಬಿಟ್ಟಿತು. "ಗುರುಬಸಪ್ಪ ಹುಡುಗನಾಗಿ ಬಾವಿಗೆ ಹಾರಿ ಈಜುತ್ತಿದ್ದ ಕಾಲದಲ್ಲಿ, ನಿನಗೆ ಮೊದಲು ಇಲ್ಲಿದ್ದ ಅಣ್ಣ ಕಳಿಸುತ್ತಿದ್ದ ರಕ್ತವೂ ಹೀಗೇ ಬೆಚ್ಚಗಿರುತ್ತಿತ್ತು," ಎಂದಿತು.