ಸೂಲಗಿತ್ತಿ ಸಾವಂತ್ರವ್ವನ ಅಂಜಿಕೆ

ಪೂಜ್ಯ ಮಾತೆ ನಿಜಗುಣಾಂಬೆಯವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ಮಲಪ್ರಭೆಯ ದಂಡೆಯ ಮೇಲಿನ ಒಂದು ಪಾಳು ಮಂಟಪವೇ ಅವರ ತಪೋಭೂಮಿಯಾಗಿತ್ತು. ಹೊಳೆ ದಾಟಲು ಬಂದವರು ಹಸಿದು ಹೋಗಬಾರದೆಂದು ಅಲ್ಲೊಂದು ಒಲೆ ಹೂಡಿ, ತಾವೇ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದರು. ದರ್ಶನಕ್ಕೆ ಬಂದವರಿಗೂ ಅವರು ಸಿಗುತ್ತಿದ್ದುದು ಒಲೆಯ ಮುಂದೆಯೇ, ಕೈಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡು.

ಒಂದು ಮಳೆಗಾಲದಲ್ಲಿ ಅಲ್ಲಿಗೆ ಸಾವಂತ್ರವ್ವ ಎಂಬ ಸೂಲಗಿತ್ತಿ ಬಂದಳು. ಸುತ್ತಿನ ಊರುಗಳ ಅರ್ಧ ಜನ ಆಕೆಯ ಕೈಯಲ್ಲೇ ಹುಟ್ಟಿದವರು. ಆದರೆ ಆಕೆ ಹೆರಿಗೆ ಮಾಡಿಸಿದ ಒಂದು ಕೂಸು ವಾರದೊಳಗೆ ಜ್ವರ ಬಂದು ತೀರಿಕೊಂಡಿತ್ತು. ಅಂದಿನಿಂದ ಆಕೆಯ ತಲೆಯೊಳಗೆ ಒಂದೇ ಪ್ರಶ್ನೆ: ಹೊಕ್ಕುಳಬಳ್ಳಿಗೆ ದಾರ ಬಿಗಿಯಾಗಿ ಕಟ್ಟಿದ್ದೆನೇ? ನೀರು ತರುವಾಗ, ಉಣ್ಣುವಾಗ, ದೇವರ ಮುಂದೆ ಕೈ ಮುಗಿದು ನಿಂತಾಗ, ಅದೇ. ಬೇರೆ ಹೆರಿಗೆಗಳಿಗೆ ಹೋದರೂ ಅರ್ಧ ದಾರಿಯಿಂದ ತಿರುಗಿ ಬಂದು ಕೂಸಿನ ಬಟ್ಟೆ ಬಿಚ್ಚಿ ನೋಡುವಳು. ಮತ್ತೆ ಹೊರಟು ಮತ್ತೆ ಬರುವಳು. ಬಾಣಂತಿಯರು ಹೆದರತೊಡಗಿದರು. ಕೊನೆಗೆ ಆಕೆ ಆ ಕೆಲಸವನ್ನೇ ಬಿಟ್ಟಳು. ತಾಯತ ಕಟ್ಟಿಸಿಕೊಂಡಳು, ಉಪವಾಸ ಹಿಡಿದಳು. ಪ್ರಶ್ನೆ ಮಾತ್ರ ಬಿಡಲಿಲ್ಲ.

ಬಂದವಳೇ ಮಾತೆಯವರ ಪಾದ ಹಿಡಿದಳು.

“ಯವ್ವಾ, ತಪ್ಪು ನಂದಲ್ಲ ಅಂತ ಒಂದು ಮಾತು ಹೇಳ್ರಿ. ನಿಮ್ಮ ಬಾಯಾಗಿಂದ ಬಂದ್ರ ಈ ಮನಸು ನಂಬತೈತಿ.”

“ಈ ಮಾತು ಮೊದಲ ಯಾರೂ ಹೇಳಿಲ್ಲೇನು?” ಎಂದು ಮಾತೆಯವರು ಕೇಳಿದರು.

“ಎಲ್ಲಾರೂ ಹೇಳ್ಯಾರ್ರಿ. ವೈದ್ಯರು ಹೇಳ್ಯಾರ. ಆ ಕೂಸಿನ ತಾಯಿನೂ ಹೇಳ್ಯಾಳ.”

“ಅವರ ಮಾತು ಎಷ್ಟೊತ್ತು ತಡೀತು?”

ಸಾವಂತ್ರವ್ವ ತಲೆ ತಗ್ಗಿಸಿದಳು. “ಮನಿ ಮುಟ್ಟೂತನಕ.”

“ನಾ ಹೇಳಿದ್ರ ಈ ಹೊಳಿ ದಾಟೂತನಕ ತಡೀತೈತಿ. ಹಿಟ್ಟು ತಗೋ, ರೊಟ್ಟಿ ಬಡಿ.”

ವಿಭೂತಿಯನ್ನೋ ಮಂತ್ರವನ್ನೋ ಬಯಸಿ ಬಂದಿದ್ದ ಸಾವಂತ್ರವ್ವನಿಗೆ ಸಿಟ್ಟೇ ಬಂತು. ಎದ್ದು ಹೋಗಿಬಿಡಬೇಕೆಂದರೆ ಹೊಳೆ ಏರಿತ್ತು, ಅಂಬಿಗರು ದೋಣಿ ಕಟ್ಟಿಹಾಕಿದ್ದರು. ಬೇರೆ ದಾರಿ ಕಾಣದೆ ಒಲೆಯ ಮುಂದೆ ಕುಳಿತಳು. ಸ್ವಲ್ಪ ಹೊತ್ತಿಗೇ ಆ ಪ್ರಶ್ನೆ ಬಂತು, ಕೈ ನಿಂತಿತು, ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಮಾತೆಯವರು ಬೈಯಲಿಲ್ಲ.

“ಬರೂದು ಬಂತು. ನೀ ರೊಟ್ಟಿ ತಿರುವು,” ಎಂದರಷ್ಟೇ.

ಮಳೆ ಹಿಡಿದುಕೊಂಡಿತು, ಆಕೆ ಅಲ್ಲೇ ಉಳಿದಳು. ಪ್ರಶ್ನೆ ಬಂದಾಗಲೆಲ್ಲ ಕಣ್ಣು ಮುಚ್ಚಿ, “ಕಟ್ಟೀನಿ, ಬಿಗಿಯಾಗೇ ಕಟ್ಟೀನಿ,” ಎಂದು ತನ್ನೊಳಗೇ ವಾದಿಸುವಳು. ಅದನ್ನು ಕಂಡ ಮಾತೆಯವರು ಒಂದು ದಿನ, “ಜವಾಬು ಕೊಟ್ಟಷ್ಟೂ ಅದು ಕೇಳತೈತಿ ಮಗಳ,” ಎಂದರು. ಆಕೆ ವಾದಿಸುವುದನ್ನು ಬಿಡಲು ಯತ್ನಿಸಿದಳು. ಎದೆ ಹೊಡೆದುಕೊಳ್ಳುತ್ತಿತ್ತು, ಬೆವರು ಇಳಿಯುತ್ತಿತ್ತು, ಆದರೂ ಕೈ ಹಿಟ್ಟು ತಟ್ಟುತ್ತಿತ್ತು. ದಿನ ಕಳೆದಂತೆ ಕರಕಲಾಗುವ ರೊಟ್ಟಿಗಳು ಕಡಿಮೆಯಾದವು.

ಹೀಗಿರಲು ಒಂದು ಮಧ್ಯಾಹ್ನ ಹೊಳೆ ದಾಟಲಾಗದೆ ನಿಂತಿದ್ದ ಚಕ್ಕಡಿಯೊಂದರಿಂದ ಹೆಂಗಸಿನ ನರಳಾಟ ಕೇಳಿತು. ತವರಿಗೆ ಹೊರಟಿದ್ದ ಚೊಚ್ಚಲ ಬಸುರಿ, ದಿನ ತುಂಬುವ ಮೊದಲೇ ನೋವು ಶುರುವಾಗಿತ್ತು. ಆಕೆಯ ಗಂಡ ಮಂಟಪಕ್ಕೆ ಓಡಿ ಬಂದು, “ಯಾರಾದ್ರೂ ಬರ್ರೀ!” ಎಂದು ಕೂಗಿದ. ಸಾವಂತ್ರವ್ವ ಕಂಬಕ್ಕೆ ಅಂಟಿಕೊಂಡು ನಿಂತಳು.

“ನನ್ನ ಕೈಲೆ ಆಗೂದಿಲ್ಲ ಯವ್ವಾ. ಅದು ಬಂದೈತಿ.”

ಮಾತೆಯವರು ಆಗಲೇ ಬಿಸಿನೀರಿನ ಕೊಡ ಎತ್ತಿಕೊಂಡಿದ್ದರು. ತಿರುಗಿ ನೋಡಿ ನುಡಿದರು: “ಅದೂ ಬರಲಿ. ನೀನೂ ಬಾ.”

ಆ ಮಾತಿಗೆ ಸಾವಂತ್ರವ್ವನ ಕಾಲು ತಾವಾಗಿ ಕದಲಿದವು. ಬಸುರಿಯನ್ನು ಮಂಟಪಕ್ಕೆ ಕರೆತಂದು, ಮೂಲೆಗೆ ಸೀರೆಯ ಮರೆ ಕಟ್ಟಿದರು. ಕೂಸಿನ ತಲೆ ಹೊರಬಂದಾಗ ನೋಡಿದರೆ ಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ತಲೆಯೊಳಗಿನ ಪ್ರಶ್ನೆ ಆಗ ಹಿಂದೆಂದೂ ಇಲ್ಲದಷ್ಟು ಅಬ್ಬರಿಸಿತು. ಆಕೆ ಜವಾಬು ಕೊಡಲಿಲ್ಲ. ಬೆರಳು ತೂರಿಸಿ ಬಳ್ಳಿಯನ್ನು ಮೆಲ್ಲಗೆ ತಲೆಯ ಮೇಲಿಂದ ಜಾರಿಸಿದಳು. ಕೂಸು ಹೊರಬಂತು, ಆದರೆ ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಬಾಯಿ ಒರೆಸಿ, ಬೆನ್ನು ತಿಕ್ಕಿ, ಅಂಗಾಲು ತಟ್ಟಿದಳು. ಮತ್ತೆ ತಿಕ್ಕಿದಳು. ಮಾತೆಯವರು ಕಣ್ಣು ಮಿಟುಕಿಸದೆ ಕುಳಿತಿದ್ದರು. ಒಮ್ಮೆಲೇ ಕೂಸು ಕಿಟಾರನೆ ಚೀರಿತು. ಆ ಕೂಗಿಗೆ ಹೊರಗೆ ನಿಂತಿದ್ದ ಗಂಡ ನೆಲಕ್ಕೆ ಕುಸಿದು ಗಟ್ಟಿಯಾಗಿ ಅತ್ತುಬಿಟ್ಟ.

ಸಾವಂತ್ರವ್ವ ಬಳ್ಳಿ ಕಟ್ಟಿ ಕೊಯ್ದಳು, ಒಮ್ಮೆ ನೋಡಿದಳು, ಕೂಸನ್ನು ಸುತ್ತಿ ತಾಯಿಯ ಎದೆಗೆ ಕೊಟ್ಟಳು. ಕೈ ತೊಳೆಯಲು ಹೊಳೆಗೆ ಹೊರಟಾಗ, ತಿರುಗಿ ಹೋಗಿ ಬಿಚ್ಚಿ ನೋಡು ಎಂದು ಮನಸ್ಸು ಜಗ್ಗಿತು. ಆಕೆ ತಿರುಗಲಿಲ್ಲ. ನೀರಿಗೆ ಇಳಿದು ಮುಖ ತೊಳೆದುಕೊಂಡವಳು ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕಳು.

ಹೊಳೆ ಇಳಿದ ಮೇಲೆ ಮಾತೆಯವರ ಅಪ್ಪಣೆ ಪಡೆದು ಊರಿಗೆ ಮರಳಿದಳು. ಮತ್ತೆ ಹೆರಿಗೆ ಮನೆಗಳ ಬಾಗಿಲು ಆಕೆಗೆ ತೆರೆದವು. ಮುಪ್ಪಿನಲ್ಲಿ ಆಕೆಯ ಸೊಸೆ ಒಮ್ಮೆ ಕೇಳಿದಳಂತೆ: “ಅತ್ತಿ, ಆ ಅಂಜಿಕಿ ನಿಮ್ಮನ್ನ ಬಿಟ್ಟು ಹೋತೇನ್ರಿ?”

“ಎಲ್ಲಿ ಹೋಗತೈತಿ? ಒಮ್ಮೊಮ್ಮೆ ಬರತೈತಿ,” ಎಂದು ಮುದುಕಿ ಸೆರಗು ಸಿಗಿಸಿಕೊಂಡು ಎದ್ದಳು. ಬಾಗಿಲಲ್ಲಿ ಹೆರಿಗೆಗೆ ಕರೆಯಲು ಬಂದವರು ನಿಂತಿದ್ದರು. “ಕೂಸು ಅತ್ತ ಮ್ಯಾಲ ಆ ಅಂಜಿಕಿ ದನಿ ಯಾರಿಗೆ ಕೇಳತೈತಿ?”